ಹಲಗೆ ಜರುಗಬೇಕೋ, ಕೂತವರು ಜರುಗಬೇಕೋ: ಹೊಂದಿಸಿಕೊಳ್ಳುವ ಸೀಸಾದ ಲೆಕ್ಕ

ಆರನೇ ಕ್ಲಾಸಿನ ಅಕ್ಕ, ಒಂದನೇ ಕ್ಲಾಸಿನ ತಮ್ಮ ಒಂದೇ ಸೀಸಾದ ಎರಡು ತುದಿಗೆ ಕೂತರೆ ಏನಾಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಕ್ಕನ ಕಡೆ ನೆಲ ಕಚ್ಚುತ್ತದೆ. ತಮ್ಮ ಮೇಲೆ ಕಾಲು ಆಡಿಸುತ್ತಾ "ಇಳ್ಸೇ ಅಕ್ಕಾ" ಎಂದು ಕೂಗುತ್ತಾನೆ. ಎರಡು ನಿಮಿಷಕ್ಕೆ ಆಟ ಮುಗಿಯುತ್ತದೆ, ಜಗಳ ಶುರುವಾಗುತ್ತದೆ. ಪಾರ್ಕುಗಳಲ್ಲಿ ಸೀಸಾ ಖಾಲಿ ಬಿದ್ದಿದ್ದು ಜೋಕಾಲಿಗೆ ಮಾತ್ರ ಸರದಿ ಇರುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಅನುಮಾನ. ಜೋಕಾಲಿಗೆ ಒಬ್ಬರು ಸಾಕು. ಸೀಸಾಕ್ಕೆ ಜೊತೆ ಬೇಕು, ಅದೂ ಸರಿಸಮ ತೂಕದ ಜೊತೆ.

ಹಾಗಾದರೆ ತೂಕ ಬೇರೆಬೇರೆ ಇರುವ ಇಬ್ಬರು ಆಡಲು ಬರುವಂಥ ಸೀಸಾ ಮಾಡುವುದು ಹೇಗೆ? ವಿನ್ಯಾಸದ ತರಗತಿಗೆಂದು ನಾನು ಎತ್ತಿಕೊಂಡ ಕೆಲಸ ಇದು. ಬರೀ ಸನ್ನೆಯ (ಲಿವರ್) ಸೂತ್ರ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಮುಗಿಯಲಿಲ್ಲ. ಎಲ್ಲೆಲ್ಲಿ ಎಡವಿದೆ, ಯಾವ ಲೆಕ್ಕ ನಿಜಕ್ಕೂ ಉಪಯೋಗಕ್ಕೆ ಬಂತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಪಕ್ಕದಲ್ಲಿ ಒಂದು ಅಡಿಪಟ್ಟಿ, ಒಂದು ಪೆನ್ಸಿಲ್, ಐದಾರು ಒಂದೇ ಥರದ ನಾಣ್ಯ ಇಟ್ಟುಕೊಂಡು ಓದಿದರೆ ಒಳ್ಳೆಯದು.

ತೂಕವಲ್ಲ, ತೂಕ ಗುಣಿಸು ದೂರ

ಸೀಸಾ ಎಂದರೆ ಮೊದಲನೇ ವರ್ಗದ ಸನ್ನೆ. ಆಧಾರ ಬಿಂದು ನಡುವೆ, ಎರಡು ಭಾರ ಎರಡು ಕಡೆ. ಯಾವ ಕಡೆ ವಾಲುತ್ತದೆ ಎಂದು ತೀರ್ಮಾನಿಸುವುದು ತೂಕ ಒಂದೇ ಅಲ್ಲ, ತೂಕವನ್ನು ಆಧಾರದಿಂದ ಇರುವ ದೂರದಿಂದ ಗುಣಿಸಿದಾಗ ಬರುವ ಗುಣಲಬ್ಧ. ಇಂಗ್ಲಿಷ್ ಪುಸ್ತಕದಲ್ಲಿ ಟಾರ್ಕ್ ಎಂದಿರುತ್ತದೆ, ನಾನು ತಿರುಗುಬಲ ಎನ್ನುತ್ತೇನೆ. ಭಾರಗಳು ತಮ್ಮ ದೂರಗಳಿಗೆ ವಿಲೋಮವಾಗಿದ್ದರೆ ಸಮತೋಲ ಎಂಬುದನ್ನು ಸಿರಾಕ್ಯೂಸಿನ ಆರ್ಕಿಮಿಡೀಸ್ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ರೇಖಾಗಣಿತದ ರೀತಿಯಲ್ಲಿ ಸಾಧಿಸಿ ಬರೆದಿಟ್ಟ.

ಸೂತ್ರ ಗೊತ್ತಿಲ್ಲದವರಿಗೂ ಕೈಗೆ ಗೊತ್ತಿರುವ ವಿಷಯ ಇದು. ಕಲ್ಲು ಮೀಟುವವರು ಹಾರೆಯನ್ನು ತುದಿಯಲ್ಲಿ ಹಿಡಿಯುತ್ತಾರೆಯೇ ಹೊರತು ನಡುವೆ ಹಿಡಿಯುವುದಿಲ್ಲ. ಬಾವಿಯಿಂದ ನೀರೆತ್ತುತ್ತಿದ್ದ ಏತವನ್ನಂತೂ ನೆನಪಿಸಿಕೊಳ್ಳಲೇಬೇಕು. ನೆಟ್ಟ ಕಂಬದ ಮೇಲೆ ಅಡ್ಡ ಮರ, ಅದರ ಒಂದು ತುದಿಗೆ ಬಾನಿ. ಆಳು ಆ ಅಡ್ಡ ಮರದ ಮೇಲೇ ನಡೆಯುತ್ತಾನೆ. ಬಾವಿಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟರೆ ಬಾನಿ ಇಳಿಯುತ್ತದೆ, ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ತುಂಬಿದ ಬಾನಿ ಏರುತ್ತದೆ. ಅವನ ತೂಕ ಬದಲಾಗಲಿಲ್ಲ, ಕಂಬವೂ ಅಲ್ಲೇ ಇದೆ. ಬದಲಾದದ್ದು ಅವನು ನಿಂತ ಜಾಗ. ಈ ಚಿತ್ರ ತಲೆಯಲ್ಲಿ ಇರಲಿ, ಕೊನೆಗೆ ಮತ್ತೆ ಬೇಕಾಗುತ್ತದೆ.

ಈಗ ಅಂಕಿ ಹಾಕೋಣ. ಅಕ್ಕ 30 ಕಿಲೋ, ತಮ್ಮ 20 ಕಿಲೋ. ಆಸನಗಳು ಆಧಾರದಿಂದ ಆಚೆ ಈಚೆ 1.5 ಮೀಟರ್. ಅಕ್ಕನ ಕಡೆ 30 × 1.5 = 45, ತಮ್ಮನ ಕಡೆ 20 × 1.5 = 30. (ಇದರ ಘಟಕ ಕಿಲೋ ಗುಣಿಸು ಮೀಟರ್. ಕಿಲೋಮೀಟರ್ ಎಂದು ಓದಿಕೊಂಡು ನಗಬೇಡಿ. ಶಾಸ್ತ್ರೋಕ್ತವಾಗಿ ನ್ಯೂಟನ್-ಮೀಟರ್ ಬೇಕಿದ್ದರೆ 9.8ರಿಂದ ಗುಣಿಸಿ.) ವ್ಯತ್ಯಾಸ 15. ಈ ಹದಿನೈದನ್ನು ಹೇಗಾದರೂ ಮಾಡಿ ಸೊನ್ನೆಯ ಹತ್ತಿರಕ್ಕೆ ತರಬೇಕು, ಇಡೀ ವಿನ್ಯಾಸದ ಕೆಲಸ ಅಷ್ಟೇ. ಮೂರು ದಾರಿಗಳಿವೆ: ಆಧಾರವನ್ನು ಸರಿಸುವುದು, ಹಗುರ ಇರುವ ಕಡೆ ಭಾರ ಸೇರಿಸುವುದು, ಭಾರ ಇರುವವರು ಒಳಗೆ ಸರಿದು ಕೂರುವುದು.

ಆಧಾರ ಸರಿಸುವ ದಾರಿ, ಮತ್ತು ನಾನು ಮರೆತ ಹಲಗೆಯ ತೂಕ

ನನಗೆ ಮೊದಲು ಹೊಳೆದದ್ದು ಇದು. ಬಹುತೇಕ ಎಲ್ಲರಿಗೂ ಹೊಳೆಯುವುದು ಇದೇ. ಹಳ್ಳಿಯ ಮಕ್ಕಳು ದಿಮ್ಮಿಯ ಮೇಲೆ ಹಲಗೆ ಹಾಕಿಕೊಂಡು ಆಡುವಾಗ ಮಾಡುವುದೂ ಇದನ್ನೇ: ದಪ್ಪಗಿರುವವನ ಕಡೆ ಹಲಗೆ ಗಿಡ್ಡ, ಸಣ್ಣವನ ಕಡೆ ಉದ್ದ. ಕೊರಿಯಾದಲ್ಲಿ ಹೊಸ ವರ್ಷಕ್ಕೆ ಹೆಣ್ಣುಮಕ್ಕಳು ಆಡುವ ನಲ್‌ತ್ವಿಗಿ ಎಂಬ ಆಟವಿದೆ. ಹುಲ್ಲಿನ ಉರುಳೆಯ ಮೇಲೆ ಹಲಗೆ, ಎರಡು ತುದಿಯಲ್ಲೂ ನಿಂತು ಸರದಿಯಂತೆ ಜಿಗಿಯುವುದು. ಅಲ್ಲೂ ಹಗುರವಾದವಳಿಗೆ ಹಲಗೆಯ ಹೆಚ್ಚು ಭಾಗ ಬಿಟ್ಟುಕೊಡುತ್ತಾರೆ. ಅದಕ್ಕೆ ಅವರ ಮಾತಿನಲ್ಲಿ "ಅನ್ನ ಕೊಡುವುದು" ಎನ್ನುತ್ತಾರಂತೆ. ಎಷ್ಟು ಚೆಂದದ ತಾಂತ್ರಿಕ ಪದ!

ಸೂತ್ರದ ಪ್ರಕಾರ ಆಸನಗಳ ನಡುವಿನ 3 ಮೀಟರನ್ನು 20:30ಕ್ಕೆ ವಿಲೋಮವಾಗಿ ಹಂಚಿದರೆ ತಮ್ಮನಿಗೆ 1.8, ಅಕ್ಕನಿಗೆ 1.2. ಅಂದರೆ ಆಧಾರವನ್ನು ಅಕ್ಕನ ಕಡೆಗೆ 30 ಸೆಂಟಿಮೀಟರ್ ಸರಿಸಬೇಕು. ಹಾಳೆಯ ಮೇಲೆ ಇದನ್ನು ಬರೆದು ಸಮಾಧಾನಪಟ್ಟೆ. ಆಮೇಲೆ ಅಡಿಪಟ್ಟಿ ಮತ್ತು ನಾಣ್ಯ ಇಟ್ಟು ನೋಡಿದೆ, ಸಮಾಧಾನ ಹೋಯಿತು.

ನೀವೂ ನೋಡಿ. 30 ಸೆಂಟಿಮೀಟರಿನ ಅಡಿಪಟ್ಟಿಯ 1ನೇ ಗೆರೆಯ ಮೇಲೆ ಎರಡು ನಾಣ್ಯ, 29ನೇ ಗೆರೆಯ ಮೇಲೆ ಮೂರು ನಾಣ್ಯ. ಮೇಲಿನ ಲೆಕ್ಕದಂತೆ ಪೆನ್ಸಿಲನ್ನು ನಡುವಿನಿಂದ 2.8 ಸೆಂಟಿಮೀಟರ್ ಸರಿಸಬೇಕು. ಸರಿಸಿದರೆ ಎರಡು ನಾಣ್ಯದ ಕಡೆಯೇ ಕೆಳಗೆ ಬೀಳುತ್ತದೆ! ಯಾಕೆಂದರೆ ಪೆನ್ಸಿಲ್ ಸರಿದ ಕೂಡಲೇ ಅಡಿಪಟ್ಟಿಯ ಗುರುತ್ವ ಕೇಂದ್ರ ಹಗುರ ಕಡೆಗೆ ಉಳಿದುಬಿಡುತ್ತದೆ. ಅಡಿಪಟ್ಟಿಯ ತೂಕವೂ ಸಣ್ಣವನ ಪಕ್ಷ ಸೇರಿಕೊಳ್ಳುತ್ತದೆ. ಅದನ್ನೂ ಸೇರಿಸಿ ಸಮೀಕರಣ ಬರೆದರೆ ಹೀಗೆ:

ಸರಿಸಬೇಕಾದ ದೂರ = (ತೂಕಗಳ ವ್ಯತ್ಯಾಸ × ಅರ್ಧ ಉದ್ದ) ÷ (ಎರಡೂ ತೂಕ + ಹಲಗೆಯ ತೂಕ)

ಇಲ್ಲಿ ಅರ್ಧ ಉದ್ದ ಎಂದರೆ ಎರಡು ಆಸನಗಳ ನಡುವಿನ ದೂರದ ಅರ್ಧ. ಅಡಿಪಟ್ಟಿ ಐದು ನಾಣ್ಯದಷ್ಟು ತೂಗಿದರೆ ಪೆನ್ಸಿಲ್ ಸರಿಯಬೇಕಾದದ್ದು 14 ÷ 10, ಅಂದರೆ ಬರೀ 1.4 ಸೆಂಟಿಮೀಟರ್. ಇದನ್ನೇ ತಿರುಗಿಸಿದರೆ ಪೆನ್ಸಿಲ್ ಎಲ್ಲಿ ನಿಂತಿತು ಎಂದು ನೋಡಿ ಅಡಿಪಟ್ಟಿ ಎಷ್ಟು ನಾಣ್ಯ ತೂಗುತ್ತದೆ ಎಂದು ಹೇಳಬಹುದು. ತಕ್ಕಡಿ ಇಲ್ಲದೆ ತೂಕ ಕಂಡುಹಿಡಿದ ಖುಷಿ ಬೇರೆಯೇ. ನಿಜವಾದ ಸೀಸಾದಲ್ಲಿ ಹಲಗೆ 25 ಕಿಲೋ ಇದ್ದರೆ 15 ÷ 75 = 0.2 ಮೀಟರ್. ಮೂವತ್ತಲ್ಲ, ಇಪ್ಪತ್ತು ಸೆಂಟಿಮೀಟರ್. ಹಲಗೆ ಭಾರವಾದಷ್ಟೂ ಕಡಿಮೆ ಸರಿಸಿದರೆ ಸಾಕು. ಪರೀಕ್ಷೆಯಲ್ಲಿ "ಹಲಗೆಯ ತೂಕ ನಗಣ್ಯ" ಎಂದು ಕೊಟ್ಟಿರುತ್ತಾರಲ್ಲ, ಅದು ಬಡಗಿಗೆ ಅನ್ವಯಿಸುವುದಿಲ್ಲ.

ಆದರೆ ಈ ದಾರಿಯನ್ನು ನಾನು ಕೈಬಿಟ್ಟದ್ದು ಈ ಕಾರಣಕ್ಕಲ್ಲ, ಎತ್ತರದ ಕಾರಣಕ್ಕೆ. ಆಧಾರ ನೆಲದಿಂದ 50 ಸೆಂಟಿಮೀಟರ್ ಮೇಲಿದೆ ಎನ್ನಿ (ಸದ್ಯಕ್ಕೆ ಹಲಗೆಯ ದಪ್ಪ ಮರೆತುಬಿಡೋಣ). ಎರಡು ತೋಳೂ 1.5 ಮೀಟರ್ ಇದ್ದಾಗ ತುದಿ ನೆಲ ಮುಟ್ಟುವ ಹೊತ್ತಿಗೆ ಹಲಗೆಯ ಓರೆ ಸುಮಾರು 19.5 ಡಿಗ್ರಿ. ತೋಳುಗಳನ್ನು, ಹಲಗೆ ತೀರ ಹಗುರ ಎಂದಿಟ್ಟುಕೊಂಡ ಮೊದಲ ಲೆಕ್ಕದಂತೆ, 1.8 ಮತ್ತು 1.2 ಮಾಡಿದರೆ ಗಿಡ್ಡ ತೋಳು ನೆಲ ಮುಟ್ಟುವಾಗ ಓರೆ 24.6 ಡಿಗ್ರಿ ಆಗುತ್ತದೆ, ಆಗ ಉದ್ದ ತೋಳಿನ ತುದಿಯ ತಮ್ಮ 1.25 ಮೀಟರ್ ಎತ್ತರದಲ್ಲಿರುತ್ತಾನೆ. ಅಕ್ಕ ಎಷ್ಟೇ ಏರಿದರೂ 83 ಸೆಂಟಿಮೀಟರ್. ಇಬ್ಬರಲ್ಲಿ ಚಿಕ್ಕವನೇ ಹೆಚ್ಚು ಎತ್ತರಕ್ಕೆ, ಹೆಚ್ಚು ಕಡಿದಾದ ಓರೆಯಲ್ಲಿ! ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಆಟದ ಮೈದಾನಗಳ ಕೈಪಿಡಿ ಸೀಸಾದ ಓರೆ 25 ಡಿಗ್ರಿ ಮೀರಬಾರದು ಎನ್ನುತ್ತದೆ. ಗಿಡ್ಡ ತೋಳು 1.1 ಮೀಟರ್ ಆಯಿತೋ, ಓರೆ 27 ಡಿಗ್ರಿಗೆ ಹೋಗಿ ಆ ಮಿತಿ ದಾಟುತ್ತದೆ. ಅದರ ಮೇಲೆ, ಸರಿಯುವ ಆಧಾರ ಎಂದರೆ ಬೆರಳು ಸಿಕ್ಕಿಕೊಳ್ಳುವ ಸಂದು. 25 ಕಿಲೋ ಹಲಗೆಯನ್ನು ಎತ್ತಿ ಇನ್ನೊಂದು ಕಣ್ಣಿಗೆ (ತೂತಿಗೆ) ಕೂರಿಸುವುದು ಮಕ್ಕಳ ಕೈಲಾಗುವ ಕೆಲಸವಲ್ಲ. ದೊಡ್ಡವರನ್ನು ಕರೆಯಬೇಕು. ದೊಡ್ಡವರನ್ನು ಕರೆದು ಸರಿಮಾಡಿಸಿಕೊಳ್ಳಬೇಕಾದ ಆಟಿಕೆಯನ್ನು ಮಕ್ಕಳು ಸರಿಮಾಡಿಸುವುದಿಲ್ಲ, ಬಿಟ್ಟು ಹೋಗುತ್ತಾರೆ.

ಎರಡನೇ ದಾರಿ, ಭಾರ ಸೇರಿಸುವುದು. ಹತ್ತು ಲೀಟರ್ ನೀರಿನ ಕ್ಯಾನನ್ನು ತಮ್ಮನ ಆಸನದ ಕೆಳಗೆ ಕಟ್ಟಿದರೆ ಹತ್ತು ಕಿಲೋ, ಲೆಕ್ಕ ಸರಿಹೋಯಿತು. ಇಲ್ಲವೇ ಅಕ್ಕಿ ಗಿರಣಿಯ ಹಳೇ ಕಾಟಾದಲ್ಲಿ ದಂಡದ ಮೇಲೆ ಸರಿಯುವ ಗುಂಡು ಇರುತ್ತದಲ್ಲ, ಹಾಗೆ ಹಲಗೆಯ ಕೆಳಗೆ 15 ಕಿಲೋ ಕಬ್ಬಿಣದ ಗುಂಡು ಇಟ್ಟು ಒಂದು ಮೀಟರ್ ಸರಿಸಿದರೂ ಅದೇ 15 ಸಿಗುತ್ತದೆ. ನೋಡಲು ಜಾಣತನದಂತೆ ಕಾಣುತ್ತದೆ, ನನಗೂ ಒಂದು ವಾರ ಹಾಗೇ ಕಂಡಿತ್ತು. ಆದರೆ ಓಲಾಡುವ ವಸ್ತುವಿಗೆ ತೂಕ ಕೂಡಿಸುವುದು ಎಂದರೆ ಅದರ ಜಡತ್ವ ಕೂಡಿಸುವುದು. ಕಾಲಿನ ಮೇಲೆ ಬಂದು ಬಡಿಯುವ ಹಲಗೆ ಇನ್ನಷ್ಟು ಭಾರವಾಗಿ ಬಡಿಯುತ್ತದೆ. ಬೇಡ.

ತೂಗಿದ ಮೇಲೆ ಅದು ನಿಲ್ಲಬೇಕೇ?

ಮೂರನೇ ದಾರಿಗೆ ಹೋಗುವ ಮುನ್ನ ಒಂದು ಪ್ರಶ್ನೆ. ತಿರುಗುಬಲ ಎರಡು ಕಡೆಯೂ ಸರಿಸಮ ಆಯಿತು ಎನ್ನಿ. ಆಗ ಹಲಗೆ ಮಟ್ಟವಾಗಿ ನಿಲ್ಲುತ್ತದೆಯೇ? ನಾಣ್ಯದ ಪ್ರಯೋಗ ಮಾಡಿದವರಿಗೆ ಗೊತ್ತು, ನಿಲ್ಲುವುದಿಲ್ಲ. ಎಷ್ಟೇ ಹುಷಾರಾಗಿ ಇಟ್ಟರೂ ಒಂದು ಕಡೆಗೆ ವಾಲಿಬಿಡುತ್ತದೆ. ಅಂಗಡಿಯ ತಕ್ಕಡಿ ಮಾತ್ರ ಅತ್ತಿತ್ತ ಓಲಾಡಿ ಮಟ್ಟಕ್ಕೆ ಬಂದು ನಿಲ್ಲುತ್ತದೆ. ವ್ಯತ್ಯಾಸ ಇರುವುದು ಎತ್ತರದಲ್ಲಿ. ತಕ್ಕಡಿಯ ದಂಡಕ್ಕೆ ಆಸರೆ ಮೇಲಿದೆ, ಭಾರ ಅದಕ್ಕಿಂತ ಕೆಳಗಿದೆ. ಸೀಸಾದಲ್ಲಿ ತಿರುವುಮುರುವು: ಅಚ್ಚು (ಹಲಗೆ ತಿರುಗುವ ಆಧಾರ) ಕೆಳಗೆ, ಮಕ್ಕಳ ಮೈಭಾರ ಹಲಗೆಯ ಮೇಲೆ.

ಇದು ಎಷ್ಟು ದೊಡ್ಡ ತೊಂದರೆ ಎಂದು ಅಳೆಯೋಣ. 25 ಕಿಲೋದ ಇಬ್ಬರು, ಅವರ ಗುರುತ್ವ ಕೇಂದ್ರ ಅಚ್ಚಿಗಿಂತ 25 ಸೆಂಟಿಮೀಟರ್ ಮೇಲೆ. ಹಲಗೆ 10 ಡಿಗ್ರಿ ವಾಲಿದಾಗ ಇನ್ನಷ್ಟು ವಾಲಿಸುವ ತಿರುಗುಬಲ 50 × 0.25 × ಸೈನ್ 10° = ಸುಮಾರು 2.2. ಇದನ್ನು 1.5 ಮೀಟರ್ ತುದಿಯಲ್ಲಿ ತಡೆಯಲು ಒಂದೂವರೆ ಕಿಲೋ ಬಲ ಸಾಕು. ಮಕ್ಕಳ ಕಾಲಿಗೆ ಇದು ಲೆಕ್ಕಕ್ಕೇ ಇಲ್ಲ. ಹಲಗೆಯ ತುದಿಗಳನ್ನು ಕೆಳಕ್ಕೆ ಬಾಗಿಸಿ ಆಸನವನ್ನು 25 ಸೆಂಟಿಮೀಟರ್ ತಗ್ಗಿಸಿದರೆ ಇದೂ ಸೊನ್ನೆಯಾಗುತ್ತದೆ. ಇನ್ನೂ ತಗ್ಗಿಸಿದರೆ ಸೀಸಾ ತಕ್ಕಡಿಯಾಗುತ್ತದೆ, ತಾನಾಗಿ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ತೀರ ಪುಟ್ಟ ಮಕ್ಕಳಿಗೆ ಇದು ಒಳ್ಳೆಯದು, ಅವರ ಸೀಸಾಗಳಿಗೆ ನಡುವೆ ಸ್ಪ್ರಿಂಗ್ ಹಾಕುವುದೂ ಇದೇ ಉದ್ದೇಶಕ್ಕೆ. ಆದರೆ ಎಂಟು ಹತ್ತು ವರ್ಷದವರಿಗೆ? ತಾನಾಗಿ ನಿಲ್ಲುವ ಸೀಸಾ ಅವರಿಗೆ ಬೇಜಾರು. ಬೀಳುವ ಹಾಗಿದ್ದು ಬೀಳದಂತೆ ಹಿಡಿದುಕೊಳ್ಳುವುದೇ ಅವರ ಆಟ. ಹಾಗಾಗಿ ನಾನು ಹಲಗೆಯನ್ನು ನೇರವಾಗಿಯೇ ಬಿಟ್ಟೆ.

ಅಚ್ಚಿನ ವಿಷಯದಲ್ಲೂ ಇದೇ ಯೋಚನೆ. ಬಾಲ್ ಬೇರಿಂಗ್ ಹಾಕಿದರೆ ಹಲಗೆ ಬೆರಳು ಮುಟ್ಟಿದರೆ ತಿರುಗುತ್ತದೆ, ಆದರೆ ಮಳೆ, ಧೂಳು ಎರಡೂ ಅದಕ್ಕೆ ಆಗದು. ಗನ್‌ಮೆಟಲ್ ಅಥವಾ ನೈಲಾನ್ ಬುಶ್ (ಅಚ್ಚು ಒಳಗೆ ತಿರುಗುವ ನಯವಾದ ಕೊಳವೆ) ಸಾಕು. ಅದರ ಸ್ವಲ್ಪ ಉಜ್ಜುವಿಕೆ ವಾಲುವ ಹಲಗೆಯನ್ನು ತುಸು ಹಿಡಿದು ನಿಲ್ಲಿಸುತ್ತದೆ, ಅದು ಲಾಭವೇ.

ಎಷ್ಟು ನಿಖರ ಬೇಕು?

ನನ್ನ ಇಡೀ ವಿನ್ಯಾಸ ಬದಲಾದದ್ದು ಈ ಪ್ರಶ್ನೆಯಿಂದ. ಮೊದಲು ನಾನು ಸೆಂಟಿಮೀಟರ್ ಲೆಕ್ಕದಲ್ಲಿ ಸರಿಸಬಹುದಾದ ಆಸನದ ಕನಸು ಕಾಣುತ್ತಿದ್ದೆ. ಸ್ಕ್ರೂ ತಿರುಗಿಸಿದರೆ ಆಸನ ಮುಂದೆ ಹಿಂದೆ ಹೋಗಬೇಕು, ಪಕ್ಕದಲ್ಲಿ ಅಳತೆಯ ಪಟ್ಟಿ ಇರಬೇಕು, ಇತ್ಯಾದಿ.

ಯೋಚಿಸಿ ನೋಡಿ: ಸೀಸಾ ಚಲಿಸುವುದು ಸಮತೋಲದಿಂದಲ್ಲ. ಪೂರ್ತಿ ಸಮತೋಲವಾದ ಹಲಗೆ ಸುಮ್ಮನೆ ನಿಂತಿರುತ್ತದೆ, ಇಲ್ಲವೇ ಒಂದು ಕಡೆ ಮಲಗಿರುತ್ತದೆ. ಅದನ್ನು ಆಡಿಸುವುದು ನೆಲಕ್ಕೆ ಒದೆಯುವ ಕಾಲು. ಒದೆಯಲು ಹೇಗೂ ಬಲ ಹಾಕುತ್ತಾರೆ ಎಂದ ಮೇಲೆ ನಾಲ್ಕೈದು ಕಿಲೋ ವ್ಯತ್ಯಾಸ ಇದ್ದರೆ ಅದು ಒದೆತದಲ್ಲೇ ಮುಚ್ಚಿಹೋಗುತ್ತದೆ. ಒಂದೇ ಷರತ್ತು, ಹೆಚ್ಚು ಒದೆಯಬೇಕಾದವರು ಕೆಳಗಿರುವವರು, ಅಂದರೆ ಭಾರದವರು. ಮೇಲಿರುವ ಹಗುರದವರಿಗೆ ಒದೆಯಲು ಅಲ್ಲಿ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಇದರ ಮೇಲೆ ಹಿಂದಕ್ಕೆ ವಾಲಿ ಕೂರುವುದು, ಮುಂದಕ್ಕೆ ಬಾಗುವುದು. ಯಾರೂ ಹೇಳಿಕೊಡದೆ ಮಕ್ಕಳು ಮಾಡುವ ಸೂಕ್ಷ್ಮ ಹೊಂದಾಣಿಕೆ ಇದು. ಮೈ ಹತ್ತು ಸೆಂಟಿಮೀಟರ್ ಹಿಂದೆ ಹೋಯಿತೆಂದರೆ 30 ಕಿಲೋದವರ ತಿರುಗುಬಲ 3 ಹೆಚ್ಚಿತು, ತುದಿಯಲ್ಲಿ ಕೂತವರಿಗೆ ಎರಡು ಕಿಲೋ ತೂಕ ಹೆಚ್ಚಾದಂತೆ.

ಅಂದರೆ ಯಂತ್ರ ಮಾಡಬೇಕಾದದ್ದು ಒರಟು ಹೊಂದಾಣಿಕೆ ಮಾತ್ರ. ನವಿರಾದದ್ದನ್ನು ಮೈಯೇ ಮಾಡಿಕೊಳ್ಳುತ್ತದೆ. ಇಷ್ಟು ಅರ್ಥವಾದ ದಿನ ಸ್ಕ್ರೂ, ಅಳತೆಪಟ್ಟಿ ಎಲ್ಲವನ್ನೂ ಚಿತ್ರದಿಂದ ಅಳಿಸಿದೆ.

ಬೀಳುವ ಲೆಕ್ಕ

ಈ ಭಾಗವನ್ನು ಹಾರಿಸಬೇಡಿ. ಸೀಸಾದ ಅತಿ ಕೆಟ್ಟ ಪೆಟ್ಟು ಹಲಗೆ ಮುರಿದು ಆಗುವುದಲ್ಲ. ಕೆಳಗಿದ್ದವನು ಹೇಳದೆ ಕೇಳದೆ ಎದ್ದು ಹೋಗುತ್ತಾನೆ, ಮೇಲಿದ್ದವನು ದಢಾರನೆ ಬೀಳುತ್ತಾನೆ. ತಮಾಷೆಗೆಂದೇ ಹೀಗೆ ಮಾಡುವವರು ಪ್ರತಿ ಬೀದಿಯಲ್ಲೂ ಒಬ್ಬರಿರುತ್ತಾರೆ. ಅವರನ್ನು ತಿದ್ದುವುದು ನಮ್ಮ ಪಠ್ಯದಲ್ಲಿಲ್ಲ, ಆದ್ದರಿಂದ ಅವರು ಇದ್ದೇ ಇರುತ್ತಾರೆಂದು ಹಿಡಿದು ವಿನ್ಯಾಸ ಮಾಡಬೇಕು.

ಎರಡು ತುದಿಯ ಕೆಳಗೂ ಹಳೇ ಟೈರನ್ನು ಅರ್ಧ ಹೂತು, 15 ಸೆಂಟಿಮೀಟರ್ ಮೇಲೆ ಕಾಣುವಂತೆ ಬಿಡುತ್ತೇವೆ. ಅಚ್ಚನ್ನು 60 ಸೆಂಟಿಮೀಟರಿಗೆ ಏರಿಸುತ್ತೇವೆ. ಆಗ ತುದಿಯ ಆಸನ 15 ಸೆಂಟಿಮೀಟರಿನಿಂದ 105 ಸೆಂಟಿಮೀಟರಿನವರೆಗೆ ಓಡಾಡುತ್ತದೆ, ಓರೆ 17.5 ಡಿಗ್ರಿ. 30 ಕಿಲೋದ ಮಗು 90 ಸೆಂಟಿಮೀಟರ್ ಬಿದ್ದರೆ ಟೈರು ಮುಟ್ಟುವಾಗ ವೇಗ ಎಷ್ಟು? ಬರೀ ಗಾಳಿಯಲ್ಲಿ ಬಿದ್ದರೆ ಸೆಕೆಂಡಿಗೆ 4.2 ಮೀಟರ್. ಇಲ್ಲಿ ಖಾಲಿ ಹಲಗೆಯನ್ನೂ ತಿರುಗಿಸಬೇಕಾದ್ದರಿಂದ ಸ್ವಲ್ಪ ಕಡಿಮೆ. ಹಲಗೆ 25 ಕಿಲೋ, 3.4 ಮೀಟರ್ ಎಂದಿಟ್ಟುಕೊಂಡರೆ ಅದರ ಜಡತ್ವ ಭ್ರಮಣಾಂಕ (ತಿರುಗಿಸಲು ಎಷ್ಟು ಕಷ್ಟ ಎಂಬ ಅಳತೆ) 25 × 3.4² ÷ 12 = 24. ಮಗುವಿನದ್ದು 30 × 1.5² = 67.5. ಕಳೆದುಕೊಂಡ ಸ್ಥಿತಿಶಕ್ತಿ 30 × 9.8 × 0.9 = 265 ಜೂಲ್. ಇದೆಲ್ಲ ತಿರುಗುವ ಚಲನಶಕ್ತಿಯಾದರೆ ತುದಿಯ ವೇಗ ಸುಮಾರು 3.6 ಮೀಟರ್, ಅಂದರೆ ಗಂಟೆಗೆ 13 ಕಿಲೋಮೀಟರ್. ಹಲಗೆ ಇದೆ ಎಂಬ ಧೈರ್ಯದಿಂದ ಸಿಕ್ಕ ಉಳಿತಾಯ ಇಷ್ಟೇ. ಸೈಕಲ್ಲಿನಲ್ಲಿ ಹೋಗುವ ವೇಗದಲ್ಲಿ ಬೆನ್ನುಮೂಳೆಯ ಬುಡ ನೆಲಕ್ಕೆ ಬಡಿಯುತ್ತದೆ. ಗಟ್ಟಿ ನೆಲ ಆ ವೇಗವನ್ನು ಒಂದು ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ, ಐದು ಸೆಂಟಿಮೀಟರ್ ಕುಗ್ಗುವ ಟೈರು ಅದನ್ನು ಐದನೇ ಒಂದು ಪಾಲು ಬಲದಲ್ಲಿ ನಿಲ್ಲಿಸುತ್ತದೆ. ಟೈರು ಅಲಂಕಾರಕ್ಕಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹಿಡಿ ಎರಡೂ ಕೈಗೆ ಸಿಗಬೇಕು, ಹಿಡಿದಾಗ ತಿರುಗಬಾರದು, ಆಸನದ ಅಗಲಕ್ಕಿಂತ ಆಚೆ ಚಾಚಿಕೊಂಡಿರಬಾರದು. ಸುತ್ತ ಆರು ಅಡಿ ಖಾಲಿ ಜಾಗ. ಎಲ್ಲೂ 3.5 ಇಂಚಿನಿಂದ 9 ಇಂಚಿನ ನಡುವಿನ ಕಿಂಡಿ ಬೇಡ. ಮೈ ತೂರಿ ತಲೆ ಸಿಕ್ಕಿಕೊಳ್ಳುವುದು ಆ ಅಳತೆಯಲ್ಲೇ. ಇವೆಲ್ಲ ಮೇಲೆ ಹೇಳಿದ ಕೈಪಿಡಿಯವೇ. ಶಾಲೆಗೆ ಹೋಗದ ವಯಸ್ಸಿನವರಿಗೆ ಇಂಥ ಅಚ್ಚಿನ ಸೀಸಾ ಬೇಡ ಎಂದೂ ಅದು ಹೇಳುತ್ತದೆ. ಇನ್ನೊಬ್ಬರ ಜೊತೆ ಲಯ ಹೊಂದಿಸಿ ಆಡುವುದು ಆ ವಯಸ್ಸಿಗೆ ಕಷ್ಟ.

ಹಲಗೆಯನ್ನು ಮಲಗಿಸಬೇಡಿ, ನಿಲ್ಲಿಸಿ

ಮಕ್ಕಳ ಸೀಸಾ ಎಂದು ಮಕ್ಕಳ ತೂಕಕ್ಕೆ ಮಾಡಿದರೆ ಕೆಟ್ಟಿರಿ. ಸಂಜೆ ಹೊತ್ತಿಗೆ ಅದರ ಮೇಲೆ ಕೂರುವವರು ಕಾಲೇಜು ಹುಡುಗರು. ಒಂದೊಂದು ತುದಿಗೆ 80 ಕಿಲೋ ಹಿಡಿಯಿರಿ. ನಡುವಿನಲ್ಲಿ ಬಾಗಿಸುವ ಬಲ 80 × 9.8 × 1.5 = 1176 ನ್ಯೂಟನ್-ಮೀಟರ್. ಕುಕ್ಕರುಬಡಿಯುತ್ತಾರೆ ಎಂದು ಎರಡರಿಂದ ಗುಣಿಸಿದರೆ 2352. 20 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ದಪ್ಪದ ಮರದ ಹಲಗೆಯನ್ನು ಮಲಗಿಸಿ ಹಾಕಿದರೆ ಅದರ ಮೇಲ್ಮೈಯ ಒತ್ತಡ ಚದರ ಮಿಲಿಮೀಟರಿಗೆ 28 ನ್ಯೂಟನ್. ಬಯಲಿನಲ್ಲಿ ಬಿಸಿಲು ಮಳೆ ತಿನ್ನುವ ಮರಕ್ಕೆ ಇದು ಅತಿ. ಅದೇ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ 7. ಮರ ಅಷ್ಟೇ, ದುಡ್ಡು ಅಷ್ಟೇ, ಗಟ್ಟಿತನ ನಾಲ್ಕು ಪಟ್ಟು. ಸೂತ್ರದಲ್ಲಿ ಎತ್ತರಕ್ಕೆ ವರ್ಗ ಇರುವುದರ ಫಲ.

ನಾನು ಕೊನೆಗೆ ಆರಿಸಿದ್ದು 100 × 50 ಮಿಲಿಮೀಟರಿನ, 3 ಮಿಲಿಮೀಟರ್ ದಪ್ಪದ ಕಬ್ಬಿಣದ ಆಯತಾಕಾರದ ಪೈಪು, ಅದೂ ನಿಲ್ಲಿಸಿ. ಒತ್ತಡ 105 ಬರುತ್ತದೆ, ಮೆದು ಉಕ್ಕು 250ರವರೆಗೆ ತಾಳುತ್ತದೆ. 3.4 ಮೀಟರಿಗೆ 23 ಕಿಲೋ ತೂಕ. ಮೇಲೆ ಕೂರಲು ಮರದ ಪಟ್ಟಿ. ಒಂದು ಎಚ್ಚರಿಕೆ: ಬಾಗುವ ಬಲ ಅತಿ ಹೆಚ್ಚು ಇರುವುದು ನಟ್ಟನಡುವೆ, ಅಂದರೆ ಅಚ್ಚಿನ ಜಾಗದಲ್ಲಿ. ಆಧಾರ ಸರಿಸಲೆಂದು ಅಲ್ಲಿ ಸಾಲಾಗಿ ತೂತು ಕೊರೆದರೆ ಪೈಪಿನ ಜೀವಕ್ಕೇ ಕೊರೆದಂತೆ. ಕೊರೆಯಲೇಬೇಕಾದರೆ ಪಕ್ಕದ ಗೋಡೆಯಲ್ಲಿ ಎತ್ತರದ ನಡುಮಧ್ಯೆ ಕೊರೆಯಿರಿ, ಅಲ್ಲಿ ಎಳೆತವೂ ಒತ್ತಡವೂ ಸೊನ್ನೆ. ಮೇಲೆ ಕೆಳಗೆ ಮುಟ್ಟಬೇಡಿ.

ಪಿನ್ನು ಎಷ್ಟು ದಿನ ಇರುತ್ತದೆ?

ಮೂರನೇ ದಾರಿಯ ನನ್ನ ಮೊದಲ ಚಿತ್ರದಲ್ಲಿ ಆಸನ ಪೈಪಿನ ಮೇಲೆ ಜಾರುತ್ತಿತ್ತು, ಬೇಕಾದ ಕಣ್ಣಿಗೆ ಪಿನ್ನು ಹಾಕಿ ಬಿಗಿಮಾಡುವುದು. ಚಿತ್ರ ಹಿಡಿದು ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕ ಏರಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಸ್ವಾಮಿ, ಈ ಪಿನ್ನು ಎಷ್ಟ್ ದಿನ ಇರತ್ತೆ?" ನಾನು ಸರಪಳಿ ಕಟ್ಟಿ ಬಿಡೋಣ ಎಂದೆ. "ಸರಪಳೀನೂ ಹೋಗತ್ತೆ" ಅಂದರು. ಪಿನ್ನು ಹೋದ ಮೇಲೆ ಏನಾಗುತ್ತದೆ ಎಂದು ಮನೆಗೆ ಬಂದು ಯೋಚಿಸಿದೆ. ಆಸನ ಜಾರುತ್ತದೆ. ಹಲಗೆ ಓರೆಯಾದಾಗ ಮಗುವನ್ನು ಕೂರಿಸಿಕೊಂಡೇ ಜಾರುತ್ತದೆ.

ಆಗ ನೆನಪಾದದ್ದು ಏತದ ಮೇಲೆ ನಡೆಯುವ ಆಳು. ಅವನಿಗೆ ಪಿನ್ನು ಎಲ್ಲಿತ್ತು? ಆಸನ ಯಾಕೆ ಸರಿಯಬೇಕು, ಕೂತವರೇ ಸರಿದರೆ ಸಾಲದೇ? ಉದ್ದಕ್ಕೂ ಕೂರಲು ಬರುವ ಪಟ್ಟಿ ಹಾಕಿ, ಅದರ ಮೇಲೆ ಒಂದರ ಹಿಂದೆ ಒಂದು ಹಿಡಿಗಳನ್ನು ಬೆಸೆದುಬಿಟ್ಟರೆ ಪ್ರತಿ ಹಿಡಿಯ ಹಿಂದೆ ಒಂದು ಜಾಗ. ಚಲಿಸುವ ಭಾಗ ಅಚ್ಚು ಒಂದೇ. ಕಳೆದುಹೋಗುವ ಭಾಗ ಯಾವುದೂ ಇಲ್ಲ.

ಜಾಗಗಳ ನಡುವೆ ಎಷ್ಟು ಅಂತರ? ಮೊದಲು 25 ಸೆಂಟಿಮೀಟರ್ ಇಟ್ಟೆ. ಮನೆಯ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹಿಡಿಯ ಬದಲು ಚೊಂಬು ನಿಲ್ಲಿಸಿ, ಅಕ್ಕನ ಮಗನನ್ನು ಕೂರಿಸಿದೆ. ಹಿಂದಿನ ಚೊಂಬು ಅವನ ಬೆನ್ನಿಗೆ ತಾಗಿ ಉರುಳಿತು. "ಮಾಮ, ಚುಚ್ತದೆ" ಅಂದ. 30 ಮಾಡಿದೆ, ಇನ್ನೂ ಇಕ್ಕಟ್ಟು. 35ಕ್ಕೆ ಸರಿಹೋಯಿತು. ಹಾಗಾಗಿ ಜಾಗಗಳು ಅಚ್ಚಿನಿಂದ 1.5, 1.15, 0.8, 0.45 ಮೀಟರ್.

ಲೆಕ್ಕ ಒಪ್ಪುತ್ತದೆಯೇ ನೋಡೋಣ. 30 ಕಿಲೋದವರು ತುದಿಯಲ್ಲಿ ಕೂತರೆ 45. ಆ ಕಡೆ 40 ಕಿಲೋದವರು 1.15ರಲ್ಲಿ ಕೂತರೆ 46. ನಮ್ಮ ತಮ್ಮ ತುದಿಯಲ್ಲಿ 30, ಅಕ್ಕ 1.15ರಲ್ಲಿ ಕೂತರೆ 34.5, ಅಕ್ಕ ನಾಲ್ಕು ಕಿಲೋದಷ್ಟು ಒದ್ದರೆ ಹಲಗೆ ಏಳುತ್ತದೆ. ತಮ್ಮನೂ ಒಳಗೆ ಬಂದು 1.15ರಲ್ಲಿ, ಅಕ್ಕ 0.8ರಲ್ಲಿ ಕೂತರೆ 23ಕ್ಕೆ 24. ಇಕ್ಕಟ್ಟಿನ ಒಂದು ಜೋಡಿಯನ್ನೂ ನೋಡಿದೆ. 30 ಕಿಲೋ ಒಂದು ಕಡೆ, 34.5 ಕಿಲೋ ಇನ್ನೊಂದು ಕಡೆ, ಇಬ್ಬರೂ ತುದಿಯಲ್ಲಿ. ಆಗಲೂ ಕೊರತೆ ತುದಿಯಲ್ಲಿ ನಾಲ್ಕೂವರೆ ಕಿಲೋ, ಕಾಲಿಗೆ ಬಿಟ್ಟ ಪಾಲು. ಒಂದೇ ಕಡೆ ಇಬ್ಬರು ಚಿಕ್ಕವರೂ ಕೂರಬಹುದು: 18 ಕಿಲೋ ತುದಿಯಲ್ಲಿ, 16 ಕಿಲೋ 0.8ರಲ್ಲಿ, ಒಟ್ಟು 39.8. ಆ ಕಡೆ 35 ಕಿಲೋದ ಒಬ್ಬಳು 1.15ರಲ್ಲಿ ಕೂತರೆ 40.25.

0.45ರ ಜಾಗ ಮಕ್ಕಳಿಗಲ್ಲ. 66 ಕಿಲೋದ ಅಪ್ಪ ಅಲ್ಲಿ ಕೂತರೆ 29.7, ತುದಿಯಲ್ಲಿರುವ 20 ಕಿಲೋದ ಮಗನ 30ಕ್ಕೆ ಸರಿ. ಆ ಜಾಗ ಎಷ್ಟೇ ಆಡಿದರೂ ನೆಲದಿಂದ 46ರಿಂದ 74 ಸೆಂಟಿಮೀಟರಿನ ನಡುವೆಯೇ ಇರುತ್ತದೆ, ಕುರ್ಚಿಯ ಎತ್ತರದಿಂದ ಸ್ವಲ್ಪ ಮೇಲೆ. ಅಪ್ಪನ ಕಾಲು ನೆಲ ಬಿಡುವುದೇ ಇಲ್ಲವೆನ್ನಬಹುದು, ಮಗ ಮಾತ್ರ ಒಂದು ಮೀಟರ್ ಮೇಲೆ. ಇದನ್ನು ನಾನು ಉದ್ದೇಶಪಟ್ಟು ಮಾಡಿದ್ದಲ್ಲ, ಅಂತರ 35 ಎಂದ ಮೇಲೆ ತಾನಾಗಿ ಬಿದ್ದ ಜಾಗ.

ಜಾಗಗಳಿಗೆ ಅಂಕಿ ಬರೆಯಬೇಕೋ ಬೇಡವೋ ಎಂದು ತುಂಬ ಯೋಚಿಸಿದೆ. "30 ಕಿಲೋದವರು ಇಲ್ಲಿ ಕೂರಿ" ಎಂದು ಬರೆದರೆ ಮಕ್ಕಳ ತೂಕ ಊರಿಗೆಲ್ಲ ಗೊತ್ತಾಗುತ್ತದೆ, ಅದರಿಂದ ಹುಟ್ಟುವ ಅಡ್ಡಹೆಸರು ಹತ್ತನೇ ಕ್ಲಾಸಿನವರೆಗೂ ಬಿಡುವುದಿಲ್ಲ. ಕೊನೆಗೆ ನಾಲ್ಕು ಹಿಡಿಗೆ ನಾಲ್ಕು ಬಣ್ಣ ಎಂದು ಬರೆದುಕೊಟ್ಟೆ: ಹೊರಗಿನಿಂದ ಒಳಕ್ಕೆ ಹಸಿರು, ಹಳದಿ, ಕೆಂಪು, ನೀಲಿ. ಅಂಗಡಿಯವರು ಅದನ್ನೂ ನೋಡಿ, ಕೆಂಪು ಎಲ್ಲಿದೆಯೋ ಮಕ್ಕಳೆಲ್ಲ ಅಲ್ಲೇ ಕೂರ್ತಾರೆ ಎಂದರು. ಈಗ ನಾಲ್ಕಕ್ಕೂ ಒಂದೇ ಬಣ್ಣ ಬಳಿಯುವುದು ಎಂದಾಗಿದೆ. ಎಲ್ಲಿ ಕೂತರೆ ಹಲಗೆ ಏಳುತ್ತದೆ ಎಂದು ಅವರೇ ಸರಿದು ಸರಿದು ನೋಡಿಕೊಳ್ಳಲಿ.